ಕೊನೆಯ ಸಾಲು

ಜುಲೈ 1, ಪತ್ರಿಕಾ ದಿನಾಚರಣೆ. ಎಂ.ಎ. ಪತ್ರಿಕೋದ್ಯಮದ ಕೊನೆ ಹಂತದಲ್ಲಿದ್ದ ನಾನು ಮೈಸೂರಿನ ಒಂದು ಪತ್ರಿಕೆಯಲ್ಲಿ, ಸುದ್ದಿ ತಿದ್ದಿ ಪುಟಕ್ಕೆ ಹಾಕುವ ಡೆಸ್ಕ್‌ನಲ್ಲಿ ಇಂಟರ್ನ್‌ಶಿಪ್ ಮಾಡುತ್ತಿದ್ದೆ. ಬೆಳಿಗ್ಗೆ ಕಾರ್ಯಕ್ರಮಕ್ಕೆ ಹೋಗಿದ್ದೆ. 1843ರಲ್ಲಿ ಇದೇ ದಿನ ಹರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರತಂದರು. ಅದು ಕಲ್ಲಚ್ಚಿನಲ್ಲಿ, ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು. ವೇದಿಕೆಯಲ್ಲಿದ್ದವರು ಇದನ್ನೆಲ್ಲ ಹೇಳುತ್ತಿದ್ದರೆ ನನ್ನ ತಲೆಯಲ್ಲಿ ಬೇರೆಯದೇ ಓಡುತ್ತಿತ್ತು. ಹಿಂದಿನ ರಾತ್ರಿ ಅಪ್ಪ ಫೋನ್ ಮಾಡಿ, ‘ಬಿ.ಎಡ್‌ಗಾದ್ರೂ ಅರ್ಜಿ ಹಾಕಮ್ಮ’ ಅಂದಿದ್ದರು.

ಅವರ ಮಾತು ತಪ್ಪು ಅನ್ನಲಾರೆ. ನಮ್ಮ ಕ್ಲಾಸಿನ ಒಬ್ಬಳು ಆಗಲೇ ಕೆಎಎಸ್ ಕೋಚಿಂಗ್ ಸೇರಿದ್ದಳು. ಇನ್ನೊಬ್ಬ ರಾಜಕಾರಣಿಯೊಬ್ಬರ ಫೇಸ್‌ಬುಕ್ ಪೇಜ್ ನೋಡಿಕೊಳ್ಳುತ್ತಿದ್ದ. ಮಧ್ಯಾಹ್ನ ಡೆಸ್ಕ್‌ಗೆ ಬಂದಾಗ, ಧೈರ್ಯ ಮಾಡಿ ಹಿರಿಯ ಉಪಸಂಪಾದಕರನ್ನು ಕೆಲಸದ ಬಗ್ಗೆ ಕೇಳಿದೆ. ಅವರು ಸ್ಕ್ರೀನ್‌ನಿಂದ ಕಣ್ಣು ತೆಗೆಯಲಿಲ್ಲ. ‘ಹೊಸಬರನ್ನ ತಗೊಳ್ತಿಲ್ಲಮ್ಮ. ಇರೋರಿಗೇ ಗ್ಯಾರಂಟಿ ಇಲ್ಲ’ ಅಂದರು. ಕೊರೊನಾ ವರ್ಷದಲ್ಲಿ ಪುಟಗಳು ಕಡಿಮೆಯಾಗಿ, ಎಷ್ಟೋ ಪತ್ರಕರ್ತರ ಕೆಲಸ ಹೋದದ್ದನ್ನು ಕಂಡವರು ಅವರು.

ಸಂಜೆ ನಾಲ್ಕರ ಹೊತ್ತಿಗೆ ಕೆಳಗಿನಿಂದ ಕರೆ ಬಂತು. ಯಾರೋ ಬಂದಿದ್ದಾರೆ, ನಿಧನ ವಾರ್ತೆ ಹಾಕಿದವರು ಯಾರು ಅಂತ ಕೇಳ್ತಿದ್ದಾರೆ ಅಂದರು. ಹಾಕಿದ್ದು ನಾನೇ.

ಸುಮಾರು ನಲವತ್ತು ವರ್ಷದ ಹೆಂಗಸು. ಹುಣಸೂರು ಕಡೆಯಿಂದ ಬಸ್ಸಿನಲ್ಲಿ ಬಂದಿದ್ದರು. ನಾಲ್ಕು ಮಡಿಕೆಯ ಪತ್ರಿಕೆಯನ್ನು ಬ್ಯಾಗಿನಿಂದ ತೆಗೆದು, ನಿಧಾನಕ್ಕೆ ಬಿಡಿಸಿ ಮೇಜಿನ ಮೇಲಿಟ್ಟರು. ಅವರ ತಂದೆಯ ಸುದ್ದಿ. ಸುತ್ತ ಪೆನ್ನಿನಲ್ಲಿ ಗೆರೆ ಎಳೆದಿದ್ದರು. ‘ಅವರಿಗೆ ಪತ್ನಿ, ಇಬ್ಬರು ಪುತ್ರರು ಇದ್ದಾರೆ’ ಅನ್ನುವ ಕಡೆ ಬೆರಳಿಟ್ಟು ಕೇಳಿದರು: ‘ಮೇಡಂ, ನಾನಿಲ್ವಾ?’

ನನಗೆ ಎಲ್ಲ ನೆನಪಾಯಿತು. ನಮಗೆ ಬಂದ ಬರಹದಲ್ಲಿ ‘ಒಬ್ಬ ಪುತ್ರಿ’ ಇತ್ತು. ಪುಟದಲ್ಲಿ ಹಾಕಿದಾಗ ಒಂದೇ ಒಂದು ಪದ ಕೊನೆಯ ಸಾಲಿಗೆ ಜಾರಿತ್ತು, ಆ ಸಾಲಿಗೆ ಜಾಗ ಇರಲಿಲ್ಲ. ಪುಟವನ್ನು ಮುದ್ರಣಕ್ಕೆ ಬಿಡುವ ಹೊತ್ತಾಗಿತ್ತು. ಪುತ್ರಿಯನ್ನು ತೆಗೆದೆ, ಸಾಲು ಮೇಲೆ ಹೋಯಿತು.

‘ಅಪ್ಪನ್ನ ಕೊನೆ ಎರಡು ವರ್ಷ ನೋಡ್ಕೊಂಡಿದ್ದು ನಾನು. ತಿಥಿಗೆ ಬಂದೋರೆಲ್ಲ ಪೇಪರ್ ಓದ್ತಾರೆ’ ಅಂದರು. ಜೋರು ಮಾಡಲಿಲ್ಲ. ಜೋರು ಮಾಡಿದ್ದರೆ ಚೆನ್ನಾಗಿತ್ತು ಅನ್ನಿಸಿತು. ತಪ್ಪು ನನ್ನದೇ ಅಂತ ಹೇಳಿ ಕ್ಷಮೆ ಕೇಳಿದೆ. ಕುಡಿಯಲು ನೀರು ಕೊಟ್ಟೆ. ಅವರ ಹೆಸರು ಬರೆದುಕೊಂಡು, ಅಕ್ಷರ ಅಕ್ಷರ ಓದಿ ಹೇಳಿದೆ. ‘ಹೌದು, ಹೀಗೇ’ ಅಂದರು. ಆರು ಗಂಟೆ ಬಸ್ಸಿಗೆ ಹೊರಟರು.

ಪೇಪರ್ ಯಾರು ಓದ್ತಾರೆ ಅಂತ ಎಲ್ಲರೂ ಹೇಳುವ ಕಾಲ ಇದು. ಅದೇ ಪೇಪರಿನ ಎರಡು ಪದಕ್ಕಾಗಿ ಒಬ್ಬರು ಅರ್ಧ ದಿನ ಖರ್ಚು ಮಾಡಿ ಬಂದಿದ್ದರು.

ಉಪಸಂಪಾದಕರಿಗೆ ಎಲ್ಲ ಹೇಳಿದೆ. ಬೈಯಲಿಲ್ಲ. ‘ತಿದ್ದುಪಡಿ ಅಂತ ಬೇಡ, ಸುದ್ದಿಯನ್ನೇ ಪೂರ್ತಿ ಇನ್ನೊಮ್ಮೆ ಹಾಕು’ ಅಂದರು. ಟೈಪ್ ಮಾಡಿದೆ. ಈ ಸಲ ಮಗಳ ಹೆಸರೂ ಸೇರಿತ್ತು. ಕೊನೆಯ ಸಾಲು ಮತ್ತೆ ಹೊರಗೆ ಬಿತ್ತು. ಮೇಲಿದ್ದ ಪತ್ರಿಕಾ ದಿನಾಚರಣೆಯ ಫೋಟೊವನ್ನು ಸ್ವಲ್ಪ ಚಿಕ್ಕದು ಮಾಡಿ, ಸಾಲಿಗೆ ಜಾಗ ಬಿಡಿಸಿದೆ.

ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಬಿ.ಎಡ್ ಅರ್ಜಿಗೆ ಕೊನೆ ದಿನ ಯಾವತ್ತು ಅಂತ ಕೇಳಿದರು. ‘ಇನ್ನೂ ನೋಡಿಲ್ಲಪ್ಪ’ ಅಂದೆ. ಆಮೇಲೆ ಆ ಹೆಂಗಸಿನ ವಿಷಯ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾಳೆ ಪೇಪರ್‌ನಲ್ಲಿ ಬರುತ್ತಲ್ವಾ?’ ಅಂತ ಕೇಳಿದರು.