ಹಳೇ ಬಟ್ಟೆ ಸಂತೆಯ ನಡುವೆ ಚೀನಾದ ವೀರನ ಗುಡಿ

ಸಿಯೋಲ್‌ಗೆ ಬಂದ ಮೊದಲ ಚಳಿಗಾಲ. ದಪ್ಪ ಕೋಟು ಬೇಕಿತ್ತು, ಹೊಸದರ ಬೆಲೆ ಕೈಗೆಟುಕುವಂತಿರಲಿಲ್ಲ. ಯಾರೋ ಡೊಂಗ್‌ಮ್ಯೊ ಸಂತೆಗೆ ಹೋಗು ಅಂದರು. ಅಲ್ಲಿ ನೆಲದ ಮೇಲೆ ಹಳೇ ಬಟ್ಟೆಗಳ ಗುಡ್ಡೆ. ಹಳೇ ರೇಡಿಯೊ, ಗಡಿಯಾರ, ಬೂಟು. ಟೋಪಿ ಹಾಕಿದ ಅಜ್ಜಂದಿರು ಗುಡ್ಡೆಯೊಳಗೆ ಕೈಹಾಕಿ ಕೆದಕುತ್ತಿದ್ದರು. ಈ ವ್ಯಾಪಾರವೆಲ್ಲ ನಡೆಯುವುದು ಒಂದು ಉದ್ದನೆಯ ಗೋಡೆಯ ಬುಡದಲ್ಲಿ. ಒಳಗೇನಿದೆ ನೋಡೋಣ ಅಂತ ಸುಮ್ನೆ ಬಾಗಿಲು ದಾಟಿದೆ. ಸದ್ದೆಲ್ಲ ಹಿಂದೆ ಉಳಿಯಿತು. ವಿಶಾಲ ಅಂಗಳ, ಅದರಾಚೆ ಹೆಂಚಿನ ಗುಡಿ, ಒಳಗೆ ಹೊಂಬಣ್ಣದ ದೊಡ್ಡ ಮೂರ್ತಿ.

ಆತ ಕೊರಿಯಾದವನಲ್ಲ. ಚೀನಾದ ಸೇನಾಪತಿ ಗುವಾನ್ ಯು. ಸುಮಾರು ಕ್ರಿ.ಶ. 220ರಲ್ಲಿ ಶತ್ರುಗಳ ಕೈಗೆ ಸಿಕ್ಕಿ ಸತ್ತವನು. ಒಡೆಯ ಲಿಯು ಬೈಗೆ ಕೊನೆವರೆಗೂ ನಿಷ್ಠನಾಗಿದ್ದ ಅಂತ ಜನ ಅವನನ್ನು ದೇವರು ಮಾಡಿದರು. ನಾನು ಕರಾವಳಿಯವನು. ಅಜ್ಜಿಯ ಕೈಹಿಡಿದು ಕೋಟಿ ಚೆನ್ನಯರ ಗರಡಿಗೆ ಹೋಗಿ ಬೆಳೆದವನು. ಸತ್ತ ವೀರ ದೇವರಾಗುವುದು ನನಗೆ ಹೊಸದಲ್ಲ. ಆದರೆ ಬೇರೆ ದೇಶದ ವೀರ ಇಲ್ಲಿ ಹೇಗೆ ಬಂದ?

ಯುದ್ಧದ ಜೊತೆ ಬಂದ. 1592ರಲ್ಲಿ ಜಪಾನ್ ಕೊರಿಯಾದ ಮೇಲೆ ದಂಡೆತ್ತಿ ಬಂತು. ಆಗ ಮಿಂಗ್ ರಾಜವಂಶ ಆಳುತ್ತಿದ್ದ ಚೀನಾ ನೆರವಿಗೆ ಸೈನ್ಯ ಕಳಿಸಿತು. ಆ ಸೈನಿಕರು ತಮ್ಮ ದೇವರನ್ನೂ ತಂದರು. 1598ರಲ್ಲಿ ಯುದ್ಧ ಮುಗಿಯಿತು. ಮಿಂಗ್ ಚಕ್ರವರ್ತಿ ವಾನ್ಲಿ ಹಣ ಕಳಿಸಿದ. 1599ರಲ್ಲಿ ಶುರುವಾದ ಗುಡಿ 1601ರಲ್ಲಿ ಮುಗಿಯಿತು. ಹಿಂದೆ, ಅಕ್ಕಪಕ್ಕ ದಪ್ಪ ಇಟ್ಟಿಗೆ ಗೋಡೆ. ಇದು ಚೀನಾದ ರೀತಿ, ಇಲ್ಲಿನ ಹಳೇ ಕಟ್ಟಡಗಳಲ್ಲಿ ಅಪರೂಪ.

ನನ್ನ ಮನಸ್ಸು ನಿಂತದ್ದು ಇಲ್ಲಿ. ರಾಜನ ಗ್ಯೊಂಗ್‌ಬೊಕ್ ಅರಮನೆ ಅದೇ 1592ರಲ್ಲಿ ಸುಟ್ಟುಹೋಯಿತು. ಅದನ್ನು ಮತ್ತೆ ಕಟ್ಟಿದ್ದು 1860ರ ದಶಕದಲ್ಲಿ. ತನ್ನ ರಾಜನ ಮನೆ ಬೂದಿಯಾಗಿ ಬಿದ್ದಿರುವಾಗ ನೆರೆದೇಶದ ದೇವರಿಗೆ ಗುಡಿ ಕಟ್ಟಲು ಕಲ್ಲು ಹೊತ್ತ ಜನರ ಹೊಟ್ಟೆಗೆ ಆಗ ಏನಿತ್ತೋ. ಮೂರ್ತಿಗಿಂತ ಜಾಸ್ತಿ ನಾನು ಆ ಕಲ್ಲುಗಳನ್ನೇ ನೋಡುತ್ತಾ ಕೂತಿದ್ದೆ.

ಡೊಂಗ್‌ಮ್ಯೊ ಅಂದರೆ ಪೂರ್ವದ ಗುಡಿ. ಆಮೇಲೆ ಇದೇ ದೇವರಿಗೆ 1883ರಲ್ಲಿ ಉತ್ತರದ ಗುಡಿ, 1902ರಲ್ಲಿ ಪಶ್ಚಿಮದ ಗುಡಿ ಎದ್ದವು. ಅವೆರಡೂ ಈಗಿಲ್ಲ.

ಕೋಟು ಆ ದಿನವೇ ಗೋಡೆಯ ಬುಡದಲ್ಲಿ ಸಿಕ್ಕಿತು. ಈಗಲೂ ಅದನ್ನೇ ಹಾಕಿಕೊಂಡು ಆಗಾಗ ಹೋಗುತ್ತೇನೆ. ಈ ಕಡೆ ಬಂದರೆ ನೀವೂ ಬನ್ನಿ. ಮೆಟ್ರೋ ಒಂದನೇ ಲೈನ್, ಆರನೇ ಲೈನ್ ಎರಡೂ ನಿಲ್ಲುತ್ತವೆ. ಸೋಮವಾರ ಮಾತ್ರ ಬೇಡ, ಬಾಗಿಲು ಹಾಕಿರುತ್ತದೆ.