ಮೊಳೆ, ಓಲೆ, ವಾಲಿಯ ಮಾಲೆ

ಬಳ್ಳಾರಿ
ಭಾನುವಾರ, 18 ಮೇ 2025

ಮೊದಲೇ ಹೇಳಿಬಿಡುತ್ತೇನೆ. ಇವತ್ತಿನ ಬರಹದಲ್ಲಿ ಮಿಸ್ಟ್‌ಬಾರ್ನ್ ಅನ್ನುವ ಇಂಗ್ಲಿಷ್ ಫ್ಯಾಂಟಸಿ ಕಾದಂಬರಿ ಸರಣಿಯ ಮೊದಲ ಮೂರು ಪುಸ್ತಕಗಳ ಗುಟ್ಟೆಲ್ಲ ರಟ್ಟಾಗುತ್ತದೆ. ಅರ್ಧ ಓದಿದವರು ಇಲ್ಲೇ ನಿಲ್ಲಿಸಿ, ಮುಗಿಸಿಕೊಂಡು ಬನ್ನಿ. ಓದುವ ಯೋಚನೆಯೇ ಇಲ್ಲದವರು ಧಾರಾಳವಾಗಿ ಮುಂದುವರಿಯಬಹುದು.

ಅಕ್ಕನ ಮಗ ಎಸ್ಸೆಸ್ಸೆಲ್ಸಿ ಮುಗಿಸಿ ರಜೆಗೆ ಬಂದಿದ್ದಾನೆ. ಬಂದವನ ಕೈಗೆ ಆ ಪುಸ್ತಕ ಕೊಟ್ಟಿದ್ದು ನಾನೇ, ಅನುಭವಿಸುತ್ತಿರುವವನೂ ನಾನೇ. ಊಟಕ್ಕೆ ಕೂತರೆ ಕಥೆಯ ಬಗ್ಗೆ ಒಂದು ಥಿಯರಿ, ಮಲಗಿದರೆ ಇನ್ನೊಂದು ಥಿಯರಿ. ಇವತ್ತು ನಮ್ಮ ಜೀನ್ಸ್ ಯೂನಿಟ್‌ಗೆ ರಜೆ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿರುವ ಗೆಳೆಯನಿಗೂ ವಾರದ ರಜೆ. ಅವನೂ ಈ ಪುಸ್ತಕಗಳ ಹುಚ್ಚನೇ. ಹೊರಗೆ ಬಿಸಿಲು ಹೇಗಿತ್ತು ಅಂದರೆ ಗುಡ್ಡದ ಕಡೆ ನೋಡೋಕೂ ಆಗುತ್ತಿರಲಿಲ್ಲ. ಕೂಲರ್ ಹಾಕಿಕೊಂಡು ಮೂವರೂ ಶುರು ಹಚ್ಚಿಕೊಂಡೆವು.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಬ್ರ್ಯಾಂಡನ್ ಸ್ಯಾಂಡರ್ಸನ್ 2006ರಲ್ಲಿ ತಂದ ಈ ಸರಣಿಯಲ್ಲಿ ಕೆಲವರಿಗೆ ಲೋಹ ನುಂಗಿ ಅದನ್ನು ಹೊಟ್ಟೆಯಲ್ಲೇ ಉರಿಸುವ ಶಕ್ತಿ ಇರುತ್ತದೆ. ಅದಕ್ಕೆ ಅಲೋಮ್ಯಾನ್ಸಿ ಅಂತ ಹೆಸರು. ಕಬ್ಬಿಣ ಉರಿಸಿದರೆ ಸುತ್ತಲಿನ ಲೋಹವನ್ನು ತನ್ನ ಕಡೆ ಎಳೆಯಬಹುದು, ಉಕ್ಕು ಉರಿಸಿದರೆ ತಳ್ಳಬಹುದು. ತವರ ಉರಿಸಿದರೆ ಕಣ್ಣು ಕಿವಿ ಚುರುಕಾಗುತ್ತವೆ, ತವರಕ್ಕೆ ಸೀಸ ಬೆರೆಸಿದ ಪ್ಯೂಟರ್ ಮೈಗೆ ಬಲ ಕೊಡುತ್ತದೆ. ಸತು ಎದುರಿನವರ ಸಿಟ್ಟನ್ನೋ ಆಸೆಯನ್ನೋ ಕೆರಳಿಸುತ್ತದೆ, ಹಿತ್ತಾಳೆ ತಣ್ಣಗೆ ಮಾಡುತ್ತದೆ. ಇನ್ನೊಬ್ಬರು ಲೋಹ ಉರಿಸುತ್ತಿದ್ದಾರೆ ಅಂತ ಕಂಚಿನಿಂದ ಪತ್ತೆ ಹಚ್ಚಬಹುದು, ತಾಮ್ರ ಅದನ್ನು ಮುಚ್ಚಿಡುತ್ತದೆ. ಶುದ್ಧ ಲೋಹ ಎಳೆಯುತ್ತದೆ, ಅದರ ಮಿಶ್ರಲೋಹ ತಳ್ಳುತ್ತದೆ, ಹೀಗೆ ಜೋಡಿ ಜೋಡಿ. ಒಟ್ಟು 16 ಅಂತ ಮುಂದೆ ತಿಳಿಯುತ್ತದೆ. ಮಂತ್ರ ಇಲ್ಲ, ದಂಡ ಇಲ್ಲ. ಲೋಹ ಮುಗಿದರೆ ಶಕ್ತಿಯೂ ಮುಗಿಯಿತು.

ಹುಡುಗ ಮೊದಲು ಲೆಕ್ಕಕ್ಕೆ ಇಳಿದ. ಪುಸ್ತಕದಲ್ಲಿ ಇವರು ನಾಣ್ಯ ಕೆಳಗೆ ಹಾಕಿ, ಅದನ್ನು ತಳ್ಳಿ ಮನೆ ಮೇಲೆ ಹಾರುತ್ತಾರೆ. ನಾಣ್ಯ ನೆಲಕ್ಕೆ ತಾಗುವವರೆಗೂ ಯಾಕೆ ಕಾಯಬೇಕು, ಗಾಳಿಯಲ್ಲೇ ತಳ್ಳಿದರೆ ಆಗಲ್ವಾ ಅಂತ ನನ್ನ ಗೆಳೆಯ ಕೇಳಿದ್ದೇ ತಡ, ಇವನು ಪೆನ್ನು ತಗೊಂಡ. ತನ್ನ ತೂಕ 55 ಕಿಲೋ, ಒಂದು ರೂಪಾಯಿ ನಾಣ್ಯ ಸುಮಾರು 3.8 ಗ್ರಾಂ. ತಾನು ಸೆಕೆಂಡಿಗೆ ಬರೀ ಒಂದು ಮೀಟರ್ ವೇಗದಲ್ಲಿ ಮೇಲೆ ಹೋಗಬೇಕಾದರೂ ನಾಣ್ಯ ಸೆಕೆಂಡಿಗೆ 14 ಕಿಲೋಮೀಟರ್‌ಗಿಂತ ಜಾಸ್ತಿ ವೇಗದಲ್ಲಿ ಕೆಳಗೆ ಹೋಗಬೇಕು. ಭೂಮಿಯ ಸೆಳೆತ ಬಿಟ್ಟು ಹೋಗೋಕೆ 11.2 ಸಾಕು! ಹಾಗಾಗಿ ನಾಣ್ಯಕ್ಕೆ ನೆಲದ ಆಸರೆ ಬೇಕೇ ಬೇಕು. ಆಗ ಅವನು ತಳ್ಳುವುದು ನಾಣ್ಯವನ್ನಲ್ಲ, ಇಡೀ ಬಳ್ಳಾರಿಯನ್ನು. ನ್ಯೂಟನ್ನನ ಮೂರನೇ ನಿಯಮ ಪರೀಕ್ಷೆಯಲ್ಲಿ ಬಂದಾಗ ಇಷ್ಟು ಉತ್ಸಾಹ ಇತ್ತೋ ಇಲ್ಲವೋ, ನಾನು ಕೇಳಲಿಲ್ಲ.

ಆಮೇಲೆ ನಮ್ಮ ಜೀನ್ಸ್ ಮೇಲೆ ಬಿತ್ತು ಕಣ್ಣು. ಒಂದು ಪ್ಯಾಂಟ್‌ಗೆ ಸೊಂಟದ ಬಟನ್, ಝಿಪ್, ಜೇಬಿನ ಮೂಲೆ ಮೂಲೆಗೆ ರಿವೆಟ್. ಎಲ್ಲ ಲೋಹ. ಉಕ್ಕು ಉರಿಸುವವನು ಎದುರಿಗೆ ಬಂದರೆ ಬಳ್ಳಾರಿ ಪ್ಯಾಂಟ್ ಹಾಕಿದವನ ಗತಿ ಏನು ಮಾಮ, ಅಂತ ಕೇಳಿ ಬಿದ್ದು ಬಿದ್ದು ನಕ್ಕ. ನಗು ಬಿಡಿ, ಪುಸ್ತಕದಲ್ಲೂ ಇದೇ ಭಯ ಇದೆ. ಇಂಥವರ ಜೊತೆ ಹೊಡೆದಾಡೋಕೆ ಅಂತಲೇ ತಯಾರಾದ ಕಾವಲುಗಾರರು ಮೈಮೇಲೆ ಒಂದು ಚೂರೂ ಲೋಹ ಇಟ್ಟುಕೊಳ್ಳುವುದಿಲ್ಲ. ಮರದ ಗುರಾಣಿ, ಮರದ ದೊಣ್ಣೆ.

ಗೆಳೆಯನ ತಕರಾರು ಬೇರೆ. ಕಬ್ಬಿಣ ಅಥವಾ ಉಕ್ಕು ಉರಿಸಿದವರಿಗೆ ಎದೆಯಿಂದ ಸುತ್ತಲಿನ ಒಂದೊಂದು ಲೋಹದ ವಸ್ತುವಿಗೂ ನೀಲಿ ಗೆರೆ ಎಳೆದಂತೆ ಕಾಣುತ್ತದೆ. ವಸ್ತು ದೊಡ್ಡದಾದರೆ ಗೆರೆ ದಪ್ಪ. ಹಂಗಾದ್ರೆ ತೋರಣಗಲ್ಲಿನಲ್ಲಿ ನಿಂತರೆ ಏನೂ ಕಾಣಲ್ಲ, ಬರೀ ನೀಲಿ, ಅಂದ. ಅಲ್ಲಿಗೆ ಸುಮ್ಮನಾಗಿದ್ದರೆ ಸರಿ ಇತ್ತು. ಸಂಡೂರಿನಿಂದ ಬರುವ ಅದಿರು ಲಾರಿಗೂ ಗೆರೆ ಬರುತ್ತಾ ಅಂತ ಹುಡುಗ ಕೇಳಿದ. ಗೆಳೆಯ ಬರಲ್ಲ ಅಂದ. ಅದಿರು ಅಂದರೆ ಹೆಮಟೈಟ್, ಕಬ್ಬಿಣ ಆಮ್ಲಜನಕದ ಜೊತೆ ಸೇರಿ ಆಗಿದ್ದು. ತೂಕದಲ್ಲಿ 70% ಕಬ್ಬಿಣವೇ ಇರಬಹುದು, ಆದರೆ ಅದು ಲೋಹ ಅಲ್ಲ, ಅದನ್ನು ಲೋಹ ಮಾಡೋಕೇ ಅಲ್ಲವೇ ನಮಗೆ ಸಂಬಳ ಕೊಡೋದು, ಅಂದ. ನನಗೆ ಈ ಥಿಯರಿ ಇಷ್ಟವಾಯಿತು. ಇದನ್ನು ಸುಳ್ಳು ಮಾಡೋದು ಸುಲಭ, ಅದಕ್ಕೇ ಇಷ್ಟ. ಕೆಂಪು ಮಣ್ಣಿಗೆ ಒಂದು ನೀಲಿ ಗೆರೆ ತೋರಿಸುವ ಪುಟ ಸಿಕ್ಕರೆ ಥಿಯರಿ ಸತ್ತಿತು. ನನಗೆ ನೆನಪಿರುವ ಗೆರೆಗಳೆಲ್ಲ ಮೊಳೆ, ಬಾಗಿಲ ಕೀಲು, ನಾಣ್ಯ, ಇಂಥವಕ್ಕೇ ಹೋಗುತ್ತವೆ.

ಆದರೆ ಇದೇ ಗೆಳೆಯನಿಗೆ ಒಂದು ಕೆಟ್ಟ ಚಟ. ಯಾವುದಾದರೂ ಅರ್ಥವಾಗದಿದ್ದರೆ ಸಾಕು, "ಇನ್ನೊಂದು ಗುಪ್ತ ಲೋಹ ಇರಬೇಕು ಬಿಡಲೇ" ಅಂತಾನೆ. ಕಥೆಯಲ್ಲಿ ಆಳುವ ರಾಜ ಲಾರ್ಡ್ ರೂಲರ್ ಸಾವಿರ ವರ್ಷ ಬದುಕಿದ್ದು ಹೇಗೆ? ಗುಪ್ತ ಲೋಹ. ಇದಕ್ಕಿಂತ ಸೋಮಾರಿ ಥಿಯರಿ ಇನ್ನೊಂದಿಲ್ಲ. ಏನು ಕೇಳಿದರೂ ಇದೇ ಉತ್ತರ ಕೊಡಬಹುದು, ಹಾಗಾಗಿ ಉತ್ತರವೇ ಅಲ್ಲ. ಓದುಗನಿಗೆ ಮಾಯೆ ಎಷ್ಟು ಅರ್ಥವಾಗಿದೆಯೋ ಅಷ್ಟರ ಮಟ್ಟಿಗೆ ಮಾತ್ರ ಅದರಿಂದ ಕಥೆಯ ತೊಡಕು ಬಿಡಿಸಬೇಕು ಅಂತ ಸ್ಯಾಂಡರ್ಸನ್ ತಾನೇ 2007ರಲ್ಲಿ ಬರೆದುಕೊಂಡಿದ್ದಾನೆ. ಬರೆಯುವವನಿಗೆ ಇರುವ ಈ ಕಟ್ಟುಪಾಡು ಊಹೆ ಮಾಡುವ ನಮಗೂ ಇರಬೇಕು.

"ಅವನೇ ಹನ್ನೊಂದನೇ ಲೋಹ ಅಂತ ಒಂದು ತಂದನಲ್ಲ, ಅದಕ್ಕೇನಂತೀಯ?" ಅಂತ ಗೆಳೆಯ ಗುದ್ದಿದ. ಒಳ್ಳೆ ಏಟೇ. ಆದರೆ ಆ ಲೋಹ ಮಾಡಿದ್ದೇನು ನೋಡಿ. ರಾಜನನ್ನು ಕೊಲ್ಲುತ್ತದೆ ಅಂತ ಎಲ್ಲರೂ ನಂಬಿದ್ದರು. ಅದು ತೋರಿಸಿದ್ದು ಅವನು ಹಿಂದೆ ಯಾರಾಗಿದ್ದ ಅನ್ನೋದನ್ನು ಮಾತ್ರ. ಅವನು ಟೆರಿಸ್ ಜನದವನು ಅಂತ ಅದರಿಂದ ಕಥಾನಾಯಕಿ ವಿನ್‌ಗೆ ಹೊಳೆಯುತ್ತದೆ. ಟೆರಿಸ್‌ನವರಿಗೆ ಫೆರುಕೆಮಿ ಅಂತ ಬೇರೆಯೇ ವಿದ್ಯೆ ಇದೆ ಅಂತ ನಮಗೆ ಮೊದಲೇ ಹೇಳಿಯಾಗಿತ್ತು. ಇವತ್ತು ನಿತ್ರಾಣನಾಗಿದ್ದು ಆ ಬಲವನ್ನು ಲೋಹದ ಬಳೆಯಲ್ಲಿ ಕೂಡಿಟ್ಟರೆ ನಾಳೆ ಬಳಸಬಹುದು, ಇಟ್ಟಷ್ಟೇ ವಾಪಸ್ಸು, ಬಡ್ಡಿ ಇಲ್ಲ. ಹಾಗೇ ವಯಸ್ಸನ್ನೂ ಇಡಬಹುದು. ಎರಡೂ ವಿದ್ಯೆ ಒಬ್ಬನಲ್ಲೇ ಇದ್ದರೆ? ಕೂಡಿಟ್ಟ ಲೋಹವನ್ನೇ ನುಂಗಿ ಉರಿಸಿದರೆ? ಇಟ್ಟಿದ್ದಕ್ಕಿಂತ ಎಷ್ಟೋ ಪಟ್ಟು ಬರುತ್ತದೆ. ವಿನ್ ಅವನ ತೋಳಿನ ಬಳೆ ಕಿತ್ತಳು, ಸಾವಿರ ವರ್ಷದ ಮುಪ್ಪು ಒಂದೇ ಸಲ ಬಂತು. ಎರಡು ಹಳೆ ನಿಯಮ ಸೇರಿದವು, ಹೊಸದೇನೂ ಬೇಕಾಗಲಿಲ್ಲ. ಇದನ್ನು ಮೊದಲೇ ಊಹಿಸಿದ ಓದುಗ ಯಾರಾದರೂ ಇದ್ದರೆ ಅವರ ಕಾಲಿಗೆ ಬೀಳುತ್ತೇನೆ.

ಹುಡುಗ ಮೂರನೇದನ್ನು ಈಗಷ್ಟೇ ಮುಗಿಸಿದ್ದರಿಂದ ಅವನ ಬಾಯಲ್ಲಿ ಬರೀ ಓಲೆ. ವಿನ್ ಕಿವಿಯಲ್ಲಿ ಅಮ್ಮ ಕೊಟ್ಟಿದ್ದ ಒಂದು ಓಲೆ ಮೊದಲ ಪುಸ್ತಕದಿಂದಲೂ ಇದೆ. ಬಡ ಹುಡುಗಿ, ಅಮ್ಮನ ನೆನಪು, ಅಷ್ಟೇ ಅಂದುಕೊಂಡು ಮುಂದೆ ಹೋಗುತ್ತೇವೆ. ಆದರೆ ಅವಳಿಗೆ ತಾಮ್ರದ ಮರೆ ದಾಟಿ ಕಂಚಿನಿಂದ ಪತ್ತೆ ಹಚ್ಚೋಕೆ ಬರುತ್ತದೆ, ನಿಯಮದ ಪ್ರಕಾರ ಬರಬಾರದು. ಮೊದಲ ಪುಸ್ತಕದ ಕೊನೆಯ ಹೊಡೆದಾಟದಲ್ಲಿ ಅವಳು ಆ ಲೋಕದ ರಾತ್ರಿಯ ಮಂಜಿನಿಂದಲೇ ಶಕ್ತಿ ಎಳೆದುಕೊಂಡಾಗ ನಾನು ಪುಸ್ತಕ ಮುಚ್ಚಿಟ್ಟು ಇದು ಮೋಸ ಅಂತ ಬೈದಿದ್ದೆ. ಮೂರನೇ ಪುಸ್ತಕದಲ್ಲಿ ಲೆಕ್ಕ ಚುಕ್ತಾ ಆಗುತ್ತದೆ. ಒಬ್ಬರನ್ನು ಕೊಂದ ಲೋಹದ ಮೊಳೆಯಿಂದ ಅವರ ಶಕ್ತಿಯನ್ನು ಇನ್ನೊಬ್ಬರ ಮೈಗೆ ಚುಚ್ಚುವ ಹೆಮಲರ್ಜಿ ಅನ್ನುವ ಮೂರನೇ ವಿದ್ಯೆ ಇದೆ. ಆ ಓಲೆ ಅಂಥದ್ದೇ ಮೊಳೆ. ಅವಳ ಪುಟ್ಟ ತಂಗಿಯ ಜೀವ ತಗೊಂಡಿದ್ದು. ಅದು ಕಿವಿಯಲ್ಲಿ ಇರುವವರೆಗೂ ಮಂಜು ಹತ್ತಿರ ಬರಲ್ಲ. ಮೊದಲ ಪುಸ್ತಕದ ಆ ಹೊಡೆದಾಟದ ಹೊತ್ತಿಗೆ ಓಲೆ ಅವಳ ಕಿವಿಯಲ್ಲಿ ಇರಲಿಲ್ಲ!

ಇಷ್ಟು ಹೊತ್ತು ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚುತ್ತಾ ಕೂತಿದ್ದ ಅವ್ವ ಆಗ ತಲೆ ಎತ್ತಿದಳು. "ಕರ್ಣಂದು ಓಲೆ ತೆಗೆದ ಮ್ಯಾಲೆ ಬಲ ಹೋತು. ನಿಮ್ಮ ಹುಡುಗೀದು ತೆಗೆದ ಮ್ಯಾಲೆ ಬಲ ಬಂತು. ಬರೆದವನು ಉಲ್ಟಾ ಮಾಡ್ಯಾನ, ಅಷ್ಟೇ." ಇದಾದ ಮೇಲೆ ನಮ್ಮ ಮೂವರ ಬಾಯಿ ಕಟ್ಟಿತು. ಅವಳು ಬಿಡಲಿಲ್ಲ. "ವಾಲಿದೂ ಹಿಂಗೇ ಅಲ್ಲೇನು? ಎದುರು ನಿಂತವರ ಅರ್ಧ ಬಲ ಅವಗ ಬರ್ತಿತ್ತು. ಅದಕ್ಕೇ ರಾಮ ಮರದ ಮರೆಗೆ ನಿಂತು ಬಾಣ ಬಿಟ್ಟ."

ಕಿಷ್ಕಿಂಧೆ ನಮಗೆ ದೂರದ ಊರೇನಲ್ಲ. ಕೊಪ್ಪಳ ಜಿಲ್ಲೆ ಗಂಗಾವತಿ ತಾಲೂಕಿನ ಆನೆಗೊಂದಿ, ಬೆಳಿಗ್ಗೆ ಹೊರಟರೆ ಸಂಜೆಗೆ ವಾಪಸ್ಸು ಬರಬಹುದು. ರಾಮ ಬಾಣ ಬಿಟ್ಟ ಜಾಗ ಅಂತ ಅಲ್ಲಿನ ಚಿಂತಾಮಣಿಯಲ್ಲಿ ತೋರಿಸುತ್ತಾರೆ. ಅವ್ವ ನೋಡಿ ಬಂದಿದ್ದಾಳೆ, ಹಾಗಾಗಿ ಅವಳಿಗೆ ಇದು ಥಿಯರಿ ಅಲ್ಲ.

ಹುಡುಗನಿಗೆ ಹೊಸ ಲೋಕ ಸಿಕ್ಕಂತಾಯಿತು. ಎದುರಿಗೆ ನಿಲ್ಲೋದು ಅಂದರೆ ಏನಜ್ಜಿ, ವಾಲಿಗೆ ಕಾಣಬೇಕಾ, ಇಲ್ಲ ಯುದ್ಧಕ್ಕೆ ಕರೆಯಬೇಕಾ? ಎದುರಾಳಿಯ ಬಲ ಅರ್ಧಕ್ಕೆ ಇಳಿಯುತ್ತಾ, ಇಲ್ಲ ಅವನದ್ದು ಅವನಿಗೇ ಇದ್ದು ವಾಲಿಗೆ ಅಷ್ಟೇ ಬಲ ಬೇರೆ ಸಿಗುತ್ತಾ? ಮೊದಲನೆಯದಾದರೆ ಅದು ಫೆರುಕೆಮಿ ಥರ, ಎಲ್ಲಿಂದಲೋ ತಗೊಂಡು ಎಲ್ಲಿಗೋ ಹಾಕಿದ್ದು. ಎರಡನೆಯದಾದರೆ ಆ ಬಲ ಬಂದಿದ್ದೆಲ್ಲಿಂದ? ಗೆಳೆಯ ಇದಕ್ಕೆ ಒಂದು ಭರ್ಜರಿ ಥಿಯರಿ ಹೊಸೆದ, ಗುಪ್ತ ಲೋಹ ಇಲ್ಲದೆ! ವರ ಒಂದು ಸಲಕ್ಕೆ ಒಬ್ಬ ಎದುರಾಳಿಗೆ ಮಾತ್ರ. ಸುಗ್ರೀವ ಮುಂದೆ ನಿಂತು ಆ ಜಾಗ ತುಂಬಿಸಿದ, ಹಾಗಾಗಿ ರಾಮನ ಬಲ ಹೋಗಲಿಲ್ಲ. ಸುಗ್ರೀವನನ್ನು ಎರಡು ಸಲ ಹೊಡೆತಕ್ಕೆ ಕಳಿಸಿದ್ದು ಸುಮ್ನೆ ಅಲ್ಲ. ಇದನ್ನು ಸಾಯಿಸೋಕೆ ವಾಲಿ ಒಟ್ಟಿಗೆ ಇಬ್ಬರನ್ನು ಎದುರಿಸಿದ ಕಥೆ ಬೇಕು. ನಮಗೆ ನೆನಪಾದ ದುಂದುಭಿ, ರಾವಣ ಇಬ್ಬರೂ ಒಬ್ಬೊಬ್ಬರಾಗೇ ಬಂದು ಒದೆ ತಿಂದವರು.

ನಾನು ಎದ್ದು ಹೋಗಿ ವಾಲ್ಮೀಕಿ ರಾಮಾಯಣದ ಅನುವಾದ ತೆಗೆದೆ. ಕಿಷ್ಕಿಂಧಾ ಕಾಂಡದಲ್ಲಿ ಅರ್ಧ ಬಲದ ಮಾತೇ ಇಲ್ಲ. ಇರುವುದು ಇಂದ್ರ ಕೊಟ್ಟ ಬಂಗಾರದ ಮಾಲೆ. ಬಾಣ ನಾಟಿ ಬಿದ್ದ ಮೇಲೂ ವಾಲಿಯ ಜೀವ, ತೇಜಸ್ಸು ಹೋಗದಂತೆ ಅದು ಹಿಡಿದಿರುತ್ತದೆ. ಸಾಯುವ ಮುಂಚೆ ಅದನ್ನು ತೆಗೆದು ಸುಗ್ರೀವನಿಗೆ ಕೊಡುತ್ತಾನೆ. (ಲೋಹ! ಅಂತ ಹುಡುಗ ಕೂಗಿದ.) ಮತಂಗ ಮುನಿಯ ಶಾಪವೂ ಇದೆ, ಆಶ್ರಮದ ಸುತ್ತ ಒಂದು ಯೋಜನದ ಒಳಗೆ ಕಾಲಿಟ್ಟರೆ ವಾಲಿಗೆ ಸಾವು, ಹಾಗಾಗಿ ಸುಗ್ರೀವ ಋಷ್ಯಮೂಕದಲ್ಲಿ ಆರಾಮಾಗಿದ್ದ. ಇನ್ನು ಮರೆಯಲ್ಲಿ ನಿಂತು ಯಾಕೆ ಹೊಡೆದೆ ಅಂತ ವಾಲಿ ನೇರವಾಗೇ ಕೇಳುತ್ತಾನೆ. ರಾಮನ ಉತ್ತರ ಉದ್ದ ಇದೆ. ತಮ್ಮನ ಹೆಂಡತಿಯನ್ನು ಇಟ್ಟುಕೊಂಡೆ, ಅದು ಅಧರ್ಮ. ನೀನು ಕಪಿ, ಬೇಟೆಯಾಡುವವರು ಮೃಗದ ಎದುರಿಗೆ ನಿಲ್ಲಬೇಕೆಂದಿಲ್ಲ. ವರದ ವಿಷಯ ಇದ್ದಿದ್ದರೆ ಇಷ್ಟೆಲ್ಲ ಯಾಕೆ, "ಎದುರು ಬಂದರೆ ನಿನಗೆ ಅರ್ಧ ಬಲ ಬರುತ್ತಿತ್ತಲ್ಲ" ಅಂತ ಒಂದೇ ಮಾತಲ್ಲಿ ಮುಗಿಸಬಹುದಿತ್ತು.

ಹಾಗಾದರೆ ಆ ವರ ಬಂದಿದ್ದೆಲ್ಲಿಂದ? ನನ್ನ ಅನುಮಾನ ಇಷ್ಟು. ರಾಮನ ಉತ್ತರ ಕೇಳಿ ಸಮಾಧಾನವಾಗದ ಯಾರೋ, ಹರಿಕಥೆಯಲ್ಲೋ ಬಯಲಾಟದಲ್ಲೋ ಕೂತವರು, ರಾಮ ಮರೆಗೆ ನಿಲ್ಲಲೇಬೇಕಾಗುವಂಥ ಒಂದು ನಿಯಮ ಊಹಿಸಿದರು. ಅದು ಎಷ್ಟು ಚೆನ್ನಾಗಿ ಕೂತಿತು ಅಂದರೆ ಈಗ ನಮ್ಮವ್ವನಿಗೆ ಅದೇ ಕಥೆ. ಅಂದರೆ ಅದು ಅಭಿಮಾನಿಗಳ ಥಿಯರಿಯೇ. ಗೆದ್ದು ಮೂಲದೊಳಗೆ ಹೋಗಿ ಕೂತಿದೆ.

ಇದನ್ನು ಅವ್ವನಿಗೆ ಹೇಳಿದೆ. "ಯಾರೂ ಊಹಿಸಿದ್ದಲ್ಲ, ನಡೆದಿದ್ದು. ವಾಲ್ಮೀಕಿ ಬರೆಯೋದು ಮರೆತಿರಬೇಕು" ಅಂದಳು. ಮಾವಿನಕಾಯಿ ಬುಟ್ಟಿ ನಮ್ಮ ಕಡೆ ತಳ್ಳಿ, ಬಾಯಿ ಸಾಕು ಕೈ ಆಡಿಸ್ರಿ ಅಂತ ಸೇರಿಸಿದಳು.

ಸಂಜೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿನ್ನುವಾಗಲೂ ಇದೇ ಮಾತು. ಹುಡುಗ 2011ರ ನಾಲ್ಕನೇ ಪುಸ್ತಕ ಶುರು ಮಾಡುತ್ತಾನಂತೆ. ಅದರಲ್ಲಿ 300 ವರ್ಷ ಕಳೆದಿದೆ, ರೈಲು ಬಂದೂಕು ಎಲ್ಲ ಬಂದಿವೆ, ತಳ್ಳೋಕೂ ಎಳೆಯೋಕೂ ಬಗ್ಗದ ಅಲ್ಯೂಮಿನಿಯಂಗೆ ಭಾರೀ ಬೆಲೆ. ಅದರ ಬಗ್ಗೆ ಅವನ ಥಿಯರಿ ಆಗಲೇ ರೆಡಿ, ಓದುವ ಮುಂಚೆ ಬರೆದು ದಿನಾಂಕ ಹಾಕಿಡು ಅಂದಿದ್ದೇನೆ, ಆಮೇಲೆ ಮಾತು ತಿರುಗಿಸೋಕಾಗಬಾರದು ನೋಡಿ. ಅದಕ್ಕಿಂತ ಮೊದಲು ಆನೆಗೊಂದಿಗೆ ಹೋಗಿ, ರಾಮ ನಿಂತ ಜಾಗದಿಂದ ವಾಲಿಗೆ ಅವನು ಕಾಣುತ್ತಿದ್ದನಾ ಇಲ್ಲವಾ ಅಂತ ನೋಡಬೇಕಂತೆ. ಮೇ ತಿಂಗಳಲ್ಲಿ ಆ ಬಂಡೆ ಮೇಲೆ ಕಾಲಿಡೋಕಾಗಲ್ಲ, ಮಳೆ ಬಿದ್ದ ಮೇಲೆ ನೋಡೋಣ ಅಂದೆ.