ಎಂ.ಪಿ.ಎಡ್. ಮಾಡಿ ಪುನರ್ವಸತಿ ಕೌನ್ಸೆಲಿಂಗ್‌ಗೆ ಹೋಗಬಹುದಾ?

ಹೋಗಬಹುದು. ಆದರೆ ದೈಹಿಕ ಶಿಕ್ಷಣದ ಸ್ನಾತಕೋತ್ತರ ಪದವಿಯಾದ ಎಂ.ಪಿ.ಎಡ್.ನ ಪ್ರಮಾಣಪತ್ರ ಒಂದನ್ನೇ ಹಿಡಿದುಕೊಂಡು ಹೋಗಲಾಗುವುದಿಲ್ಲ. ಪುನರ್ವಸತಿ ಕೌನ್ಸೆಲಿಂಗ್ ಅಂದರೆ ಅಂಗವೈಕಲ್ಯ ಬಂದವರು ಮತ್ತೆ ಬದುಕು, ದುಡಿಮೆ ಕಟ್ಟಿಕೊಳ್ಳಲು ಕೊಡುವ ಆಪ್ತಸಲಹೆ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಪದವೀಧರರು ದೈಹಿಕ ಶಿಕ್ಷಣ, ಮನಃಶಾಸ್ತ್ರ, ಪುನರ್ವಸತಿ ಮೂರನ್ನೂ ಒಂದೇ ದಾರಿ ಅಂದುಕೊಂಡು ಅರ್ಜಿ ಹಾಕುವುದುಂಟು. ಕೆಲಸ ಒಂದಕ್ಕೊಂದು ತಾಗಿಕೊಂಡಿದೆ ನಿಜ, ಕಾನೂನು ಮಾತ್ರ ಮೂರನ್ನೂ ಬೇರೆ ಬೇರೆ ಬಾಗಿಲಲ್ಲಿ ಇಟ್ಟಿದೆ.

ಎಂ.ಪಿ.ಎಡ್. ಎರಡು ವರ್ಷ, ನಾಲ್ಕು ಸೆಮಿಸ್ಟರ್. ಮಾನ್ಯತೆ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನದು, ಅಂದರೆ ಎನ್‌ಸಿಟಿಇಯದು. ಸೇರಲು ಬಿ.ಪಿ.ಎಡ್. ಅಥವಾ ಅದಕ್ಕೆ ಸಮನಾದ ಪದವಿಯಲ್ಲಿ 50% ಬೇಕು. ನಮ್ಮ ಕಡೆಯವರಿಗೆ ಹತ್ತಿರದ್ದು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ. ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರಾಗಬೇಕಾದರೆ ಸ್ನಾತಕೋತ್ತರದಲ್ಲಿ 55%, ಜೊತೆಗೆ ಸಾಮಾನ್ಯವಾಗಿ ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ ಪಾಸಾಗಿರಬೇಕು. ದೈಹಿಕ ಕ್ಷಮತೆಯ ಪರೀಕ್ಷೆ ಇದೆ ಎಂಬುದು ಎಷ್ಟೋ ಜನರಿಗೆ ಸಂದರ್ಶನದ ಹೊತ್ತಿಗೆ ನೆನಪಾಗುತ್ತದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮದಂತೆ 30 ವರ್ಷದೊಳಗಿನ ಪುರುಷರು 12 ನಿಮಿಷದಲ್ಲಿ 1800 ಮೀಟರ್, ಮಹಿಳೆಯರು 8 ನಿಮಿಷದಲ್ಲಿ 1000 ಮೀಟರ್ ಮುಗಿಸಬೇಕು. ಕಷ್ಟದ್ದೇನಲ್ಲ, ಆದರೆ ಎರಡು ವರ್ಷ ಪುಸ್ತಕ ಹಿಡಿದು ಕೂತವರಿಗೆ ಏದುಸಿರು ಬರುತ್ತದೆ.

ಪುನರ್ವಸತಿಯ ಬಾಗಿಲು ಕಾಯುವುದು ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ. 1992ರ ಕಾಯ್ದೆಯಂತೆ ಕ್ಲಿನಿಕಲ್ ಸೈಕಾಲಜಿಸ್ಟ್, ಪುನರ್ವಸತಿ ಮನಃಶಾಸ್ತ್ರಜ್ಞ, ಪುನರ್ವಸತಿ ಕೌನ್ಸೆಲರ್ ಇವರೆಲ್ಲ ಕೇಂದ್ರ ಪುನರ್ವಸತಿ ರಿಜಿಸ್ಟರಿನಲ್ಲಿ ಹೆಸರು ಬರೆಸಲೇಬೇಕು. ನೋಂದಣಿ ಇಲ್ಲದೆ ವೃತ್ತಿ ಮಾಡಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಾಗಾಗಿ ಫೀಸು ಕಟ್ಟುವ ಮೊದಲು ಕೋರ್ಸಿನ ಹೆಸರಿಗೆ ಮರುಳಾಗಬೇಡಿ. ಆರ್‌ಸಿಐ ಜಾಲತಾಣದ ಮಾನ್ಯತೆಯ ಪಟ್ಟಿಯಲ್ಲಿ ಆ ಸಂಸ್ಥೆ, ಆ ಕೋರ್ಸು, ಆ ಶೈಕ್ಷಣಿಕ ವರ್ಷ ಮೂರೂ ಇವೆಯಾ ನೋಡಿ. ಸಂಸ್ಥೆಗೆ ಮಾನ್ಯತೆ ಇದ್ದು ನಿಮ್ಮ ಕೋರ್ಸಿಗೆ ಇಲ್ಲದಿರಬಹುದು.

ಮನಃಶಾಸ್ತ್ರದ ಕಡೆ ಹೋಗುವವರಿಗೆ ಈಚೆಗೆ ಎರಡು ಬದಲಾವಣೆ ಆಗಿವೆ. ಯುಜಿಸಿ 2022ರಲ್ಲಿ ಎಂ.ಫಿಲ್. ನಿಲ್ಲಿಸಿತು; ಕ್ಲಿನಿಕಲ್ ಸೈಕಾಲಜಿ ಮತ್ತು ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್‌ಗೆ ಮಾತ್ರ 2025-26ರ ಸಾಲಿನವರೆಗೆ ಅವಕಾಶ ಕೊಟ್ಟಿತು. ಇನ್ನೊಂದು, 2025ರ ಜುಲೈ-ಆಗಸ್ಟ್ ಸಾಲಿನಿಂದ ಮನಃಶಾಸ್ತ್ರವನ್ನು ದೂರಶಿಕ್ಷಣ, ಆನ್‌ಲೈನ್‌ನಲ್ಲಿ ಕಲಿಸುವಂತಿಲ್ಲ. ಕೆಲಸ ಮಾಡುತ್ತಲೇ ಕರೆಸ್ಪಾಂಡೆನ್ಸ್‌ನಲ್ಲಿ ಎಂ.ಎ. ಮಾಡಿಕೊಂಡರಾಯಿತು ಎಂಬ ಹಳೇ ಲೆಕ್ಕ ಇನ್ನು ನಡೆಯದು.

ಕೋರ್ಸಿನ ಗುಣಮಟ್ಟ ಅಳೆಯಲು ಅಮೆರಿಕದ ಅಳತೆ ಉಪಯೋಗಕ್ಕೆ ಬರುತ್ತದೆ. ಅಲ್ಲಿ ಪುನರ್ವಸತಿ ಕೌನ್ಸೆಲಿಂಗೇ ಒಂದು ಸ್ನಾತಕೋತ್ತರ ಪದವಿ. ಮೇಲ್ವಿಚಾರಣೆಯಲ್ಲಿ 100 ಗಂಟೆ ಪ್ರಾಕ್ಟಿಕಮ್ ಅಂದರೆ ಪ್ರಾಯೋಗಿಕ ತರಬೇತಿ, ಆಮೇಲೆ 600 ಗಂಟೆ ಇಂಟರ್ನ್‌ಶಿಪ್. ಅದರಲ್ಲಿ 240 ಗಂಟೆ ನೇರವಾಗಿ ಜನರ ಜೊತೆ ಕೂತಿರಬೇಕು. ನೀವು ಸೇರಬೇಕೆಂದಿರುವ ವಿಭಾಗಕ್ಕೆ ಹೋಗಿ ಇದೇ ಪ್ರಶ್ನೆ ಕೇಳಿ: ಎಷ್ಟು ಗಂಟೆ, ಯಾವ ಆಸ್ಪತ್ರೆ, ಮೇಲ್ವಿಚಾರಕರು ಯಾರು? ಉತ್ತರ ತಡವರಿಸಿದರೆ ಅಲ್ಲಿ ಸಿಗುವುದು ನೋಟ್ಸ್ ಅಷ್ಟೇ.

ಇಷ್ಟು ಕಾಗದದ ಮಾತು. ಎಂ.ಪಿ.ಎಡ್. ಓದುವವರು ಪುನರ್ವಸತಿಯ ವಿದ್ಯೆ ಕಲಿಯಲು ಒಳ್ಳೆ ಜಾಗ ಇರುವುದು ಅವರ ಪ್ರಬಂಧದಲ್ಲಿ. ಕಬಡ್ಡಿ ಮತ್ತು ವಾಲಿಬಾಲ್ ಆಟಗಾರರ ಆತಂಕ ಹೋಲಿಸಿ ಟಿ-ಟೆಸ್ಟ್ ಎಂಬ ಅಂಕಿಅಂಶದ ಪರೀಕ್ಷೆ ಹಾಕುವ ಪ್ರಬಂಧಗಳು ಗ್ರಂಥಾಲಯದ ಕಪಾಟಿನಲ್ಲಿ ಬೇಕಾದಷ್ಟಿವೆ, ಇನ್ನೊಂದು ಬೇಡ. ಮಲೆನಾಡಿನಲ್ಲೇ ಹುಟ್ಟುವ ವಿಷಯ ಇದೆ: ಮರದಿಂದ ಬಿದ್ದ ಕೊನೆಗಾರ, ಅಂದರೆ ಅಡಿಕೆ ಮರ ಹತ್ತಿ ಗೊನೆ ಕೊಯ್ಯುವವ. ಮಳೆಗಾಲದಲ್ಲಿ ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ಔಷಧ ಹೊಡೆಯಲು ಹತ್ತುವಾಗ ಮರ ಜಾರುತ್ತದೆ. ಅಷ್ಟೆತ್ತರದಿಂದ ಬಿದ್ದರೆ ಬೆನ್ನುಮೂಳೆ ಮುರಿದು ಬೆನ್ನುಹುರಿಗೆ ಪೆಟ್ಟಾಗುವ ಸಂಭವ ಹೆಚ್ಚು. ನೆಲದಲ್ಲೇ ನಿಂತು ಬಳಸುವ ಕಾರ್ಬನ್ ಫೈಬರ್ ದೋಟಿ (ಉದ್ದ ಕೋಲು) ಬಂದ ಮೇಲೆ ಹತ್ತುವುದು ಕಡಿಮೆಯಾಗಿದೆಯೇ ಹೊರತು ನಿಂತಿಲ್ಲ. ಹೀಗೆ ಬಿದ್ದವರಿಗೆ ವ್ಯಾಯಾಮ, ಮನಸ್ಸಿನ ಆಸರೆ, ಹೊಸ ದುಡಿಮೆ ಮೂರೂ ಏಕಕಾಲಕ್ಕೆ ಬೇಕು.

ವ್ಯಾಯಾಮದಿಂದ ಶುರು ಮಾಡೋಣ, ದೈಹಿಕ ಶಿಕ್ಷಣದವರು ಎಡವುವುದು ಇಲ್ಲೇ. 220ರಿಂದ ವಯಸ್ಸು ಕಳೆದು ಗರಿಷ್ಠ ನಾಡಿಬಡಿತ ಹೇಳುವ ಸೂತ್ರ ಕುತ್ತಿಗೆಯ ಮಟ್ಟದಲ್ಲಿ ಪೆಟ್ಟಾದವರಿಗೆ ಸಲ್ಲುವುದಿಲ್ಲ. ಹೃದಯಕ್ಕೆ ಹೋಗಿ ಬಡಿತ ಏರಿಸುವ ಸಿಂಪಥೆಟಿಕ್ ನರದ ಹಿಡಿತ ತಪ್ಪಿರುವುದರಿಂದ ಎಷ್ಟೇ ದಣಿದರೂ ಬಡಿತ ಸಾಮಾನ್ಯವಾಗಿ 110-130ರ ಆಚೆ ಏರದು. ಸೂತ್ರ ನಂಬಿ 'ಇನ್ನೂ ಮಾಡಿ' ಅಂತ ಹುರಿದುಂಬಿಸಿದರೆ ಆಸಾಮಿ ಸುಸ್ತಾಗಿ ಬೀಳುತ್ತಾನೆ. 6ರಿಂದ 20ರ ಬೋರ್ಗ್ ಮಾಪಕದಲ್ಲಿ ಅವರೇ ಹೇಳುವ ದಣಿವನ್ನು ನಂಬಿ. ಪ್ರಮಾಣ ಕೇಳಿದರೆ, ಬೆನ್ನುಹುರಿ ಪೆಟ್ಟಿನವರಿಗೆ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುವ ಕನಿಷ್ಠ ಮಟ್ಟ ಇದು: ವಾರಕ್ಕೆ ಎರಡು ದಿನ 20 ನಿಮಿಷ ಏರೋಬಿಕ್ ಮತ್ತು ಎರಡು ದಿನ ಶಕ್ತಿ ವ್ಯಾಯಾಮ, ಕೆಲಸ ಮಾಡುವ ಪ್ರತಿ ದೊಡ್ಡ ಸ್ನಾಯು ಗುಂಪಿಗೆ ಹತ್ತರಂತೆ ಮೂರು ಸುತ್ತು.

ಬೆನ್ನುಹುರಿಗೆ ಟಿ6 (ಎದೆಭಾಗದ ಆರನೇ ಮಟ್ಟ) ಅಥವಾ ಅದಕ್ಕಿಂತ ಮೇಲೆ ಪೆಟ್ಟಾಗಿದ್ದರೆ ಇನ್ನೊಂದು ಅಪಾಯವಿದೆ, ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ. ತಲೆ ಸಿಡಿಯುವಂಥ ನೋವು, ಮುಖ ಕೆಂಪಾಗುವುದು, ಪೆಟ್ಟಾದ ಮಟ್ಟದಿಂದ ಮೇಲೆ ಬೆವರು, ಒಮ್ಮೆಲೇ ಏರುವ ರಕ್ತದೊತ್ತಡ. ಹೆಚ್ಚಿನ ಸಲ ಕಾರಣ ತುಂಬಿದ ಮೂತ್ರಕೋಶ ಅಥವಾ ಮಡಚಿಕೊಂಡ ಕ್ಯಾತಿಟರ್ (ಮೂತ್ರ ಹರಿಸುವ ಕೊಳವೆ). ಕೂಡಲೇ ನೆಟ್ಟಗೆ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ಕ್ಯಾತಿಟರ್ ನೋಡಿ, ಇಳಿಯದಿದ್ದರೆ ಆಸ್ಪತ್ರೆ. ತಲೆನೋವು ಎಂದು ಮಲಗಿಸಿದರೆ ಒತ್ತಡ ಇನ್ನೂ ಏರುತ್ತದೆ. ಇದು ಗೊತ್ತಿಲ್ಲದೆ ಯಾರನ್ನೂ ಮೈದಾನಕ್ಕೆ ಕರೆದುಕೊಂಡು ಹೋಗಬೇಡಿ.

ಒಂದೇ ಕಡೆ ಭಾರ ಬಿದ್ದು ಆಗುವ ಒತ್ತುಹುಣ್ಣು ತಪ್ಪಿಸಲು ಗಾಲಿಕುರ್ಚಿಯಲ್ಲಿ 15ರಿಂದ 30 ನಿಮಿಷಕ್ಕೊಮ್ಮೆ ಭಾರ ಬಿಡಿಸಬೇಕು. ನಮ್ಮವರಿಗೆ ಕೈಯೂರಿ ಎತ್ತುವುದು ಇಷ್ಟ, ಆದರೆ ಬೇಕಾದಷ್ಟು ಹೊತ್ತು ಎತ್ತಿ ಹಿಡಿಯಲಾಗದು, ಭುಜವೂ ಸವೆಯುತ್ತದೆ. ಮುಂದಕ್ಕೆ ಅಥವಾ ಪಕ್ಕಕ್ಕೆ ಬಾಗಿ ಒಂದೆರಡು ನಿಮಿಷ ಇರುವುದೇ ಮೇಲು.

ದುಡಿಮೆಯ ವಿಚಾರಕ್ಕೆ ಬಂದರೆ, ಕೂತು ಮಾಡುವ ಕೆಲಸ ಅಂತ ಎಲ್ಲರೂ ಮೊದಲು ಹೇಳುವುದು ಅಡಿಕೆ ಸುಲಿಯುವುದನ್ನು. ತಡೆಯಿರಿ. ಮೆಟ್ಟುಗತ್ತಿಯ ಮಣೆಯನ್ನು ಕಾಲಲ್ಲಿ ಅದುಮಿ ಹಿಡಿಯಬೇಕು. ಕಾಲಿಗೆ ಬಲ ಇಲ್ಲದಿದ್ದರೆ ಮಣೆ ಜಾರುತ್ತದೆ, ಸ್ಪರ್ಶ ಇಲ್ಲದಿದ್ದರೆ ಗಾಯವಾದದ್ದು ರಕ್ತ ಕಂಡ ಮೇಲೇ ಗೊತ್ತಾಗುತ್ತದೆ. ನೆಲದ ಮೇಲೆ ಗಂಟೆಗಟ್ಟಲೆ ಕೂತರೆ ಒತ್ತುಹುಣ್ಣು ಬೇರೆ. ಕತ್ತಿಯನ್ನು ಮೇಜಿಗೆ ಬಿಗಿದು ಗಾಲಿಕುರ್ಚಿಯಲ್ಲೇ ಕೂತು, ಕುಶನ್ ಹಾಕಿ ಮಾಡುವುದಾದರೆ ಸರಿ. ಅದಕ್ಕಿಂತ ಸುರಕ್ಷಿತವಾದದ್ದು ಅಡಿಕೆಯನ್ನು ರಾಶಿ, ಬೆಟ್ಟೆ, ಗೊರಬಲು ಎಂದು ದರ್ಜೆವಾರು ಆರಿಸುವ ಕೆಲಸ. ಕೊನೆಗಾರನಿಗೆ ಅಡಿಕೆಯ ಕಣ್ಣು ಹೇಗೂ ಇರುತ್ತದೆ.

ಅದಕ್ಕೂ ಮೊದಲು ಆತ ಮನೆಯಿಂದ ಹೊರಗೆ ಬರಬೇಕಲ್ಲ. ಇಳಿಜಾರಿನ ಅಳತೆ 1:12. ಜಗಲಿ ಎರಡು ಅಡಿ ಎತ್ತರವಿದ್ದರೆ 24 ಅಡಿ ರ‍್ಯಾಂಪ್ ಬೇಕು. ಅಂಗಳ ಸಾಲದಿದ್ದರೆ ನಡುವೆ ಸಮತಟ್ಟು ಜಾಗ ಬಿಟ್ಟು ತಿರುಗಿಸಿ. ನುಣ್ಣಗೆ ಸಿಮೆಂಟ್ ಸಾರಿಸಿದರೆ ಆಷಾಢಕ್ಕೆ ಪಾಚಿ ಕಟ್ಟಿ ಜಾರುತ್ತದೆ. ಹಸಿ ಕಾಂಕ್ರೀಟ್ ಮೇಲೆ ಪೊರಕೆ ಎಳೆದು ಗೀರು ಬಿಡಿಸಬೇಕು.

ಮನಸ್ಸನ್ನು ಅಳೆಯಲು ಹೆಚ್ಚಿನವರು ಪಿಎಚ್‌ಕ್ಯು-9 ಎಂಬ ಪ್ರಶ್ನಾವಳಿ ಬಳಸುತ್ತಾರೆ. ಒಂಬತ್ತು ಪ್ರಶ್ನೆ, 0ಯಿಂದ 27 ಅಂಕ, 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಖಿನ್ನತೆಯ ಶಂಕೆ. ಇಲ್ಲಿ ನಿದ್ದೆ, ದಣಿವು, ಹಸಿವಿನ ಪ್ರಶ್ನೆಗಳು ತೊಡಕು: ಬೆನ್ನುಹುರಿ ಪೆಟ್ಟೇ ಅವನ್ನೆಲ್ಲ ಕೆಡಿಸಿರುತ್ತದೆ, ಅಂಕ ಸುಮ್ಮನೆ ಏರುತ್ತದೆ. ಆಸಕ್ತಿ ಮತ್ತು ಬೇಸರ ಕೇಳುವ ಮೊದಲೆರಡು ಪ್ರಶ್ನೆಗಳನ್ನು ಬೇರೆಯಾಗಿಯೂ ಓದಿ. ಒಂಬತ್ತನೆಯದು ಸಾಯುವ ಯೋಚನೆಯದು. ಅದಕ್ಕೆ ಸೊನ್ನೆ ಬಿಟ್ಟು ಬೇರೇನೇ ಬಂದರೂ ಒಟ್ಟು ಅಂಕ ನೋಡಬೇಡಿ. ಅಂದೇ ಮಾರ್ಗದರ್ಶಕರಿಗೆ, ಮನೋವೈದ್ಯರಿಗೆ ತಿಳಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಸಂಖ್ಯೆ 14416 ಮನೆಯವರ ಬಳಿ ಇರಲಿ. ಮನೋವೈದ್ಯ ಡಾ. ಅಶೋಕ್ ಪೈ ಅಂಥವರು ದುಡಿದ ಊರಾದ್ದರಿಂದ ಶಿವಮೊಗ್ಗದಲ್ಲಿ ಮನೋವೈದ್ಯರ ಹೆಸರೆತ್ತುವುದು ಬೇರೆ ಕಡೆಗಿಂತ ಸಲೀಸು ಅನ್ನಿಸುತ್ತದೆ.

ಮತ್ತೆ ನಡೆಯುತ್ತೇನಾ ಅಂತ ಆತ ಕೇಳಿಯೇ ಕೇಳುತ್ತಾನೆ. ಉತ್ತರ ಹೇಳುವುದು ವೈದ್ಯರ ಕೆಲಸ. ವಿದ್ಯಾರ್ಥಿ 'ಖಂಡಿತ ನಡೀತೀರಿ ಅಣ್ಣ' ಅಂದುಬಿಟ್ಟರೆ ಗಾಲಿಕುರ್ಚಿ ಮೂಲೆ ಸೇರುತ್ತದೆ, ರ‍್ಯಾಂಪ್ ಕಟ್ಟುವುದು ಮುಂದಕ್ಕೆ ಹೋಗುತ್ತದೆ.

ಇಂಥ ಪ್ರಬಂಧಕ್ಕೆ ನೂರು ಜನ ಸಿಗುವುದಿಲ್ಲ, ಬೇಕಾಗಿಯೂ ಇಲ್ಲ. ನಾಲ್ಕೈದು ಜನರನ್ನು ಹಿಡಿದು ಒಬ್ಬೊಬ್ಬರನ್ನೂ ಪದೇ ಪದೇ ಅಳೆಯುವ ಸಿಂಗಲ್ ಕೇಸ್ ವಿನ್ಯಾಸ ಸಾಕು. ನೈತಿಕ ಸಮಿತಿಯ ಒಪ್ಪಿಗೆ ಮೊದಲು, ಒಪ್ಪಿಗೆ ಪತ್ರ ಕನ್ನಡದಲ್ಲಿ. ಜನರನ್ನು ಹುಡುಕಲು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು, ಅಂದರೆ ವಿ.ಆರ್.ಡಬ್ಲ್ಯೂ.ಗಳನ್ನು ಕೇಳಿ, ಯಾರಿಗೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಆಗಿದೆ, ಯಾರದ್ದು ಬಾಕಿ ಎಂಬುದು ಅವರಿಗೆ ಗೊತ್ತಿರುತ್ತದೆ. ಬಾಕಿ ಇದ್ದರೆ ಅಂಕಿ ಕಲೆಹಾಕುವ ಮೊದಲು ಅರ್ಜಿ ಹಾಕಿಸಿ. 40% ವೈಕಲ್ಯದ ಪ್ರಮಾಣಪತ್ರ ಇಲ್ಲದೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಮೀಸಲಾತಿ ಸಿಗದು. ಕ್ಷೇತ್ರಕಾರ್ಯವನ್ನು ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಇಟ್ಟುಕೊಳ್ಳಬೇಡಿ, ಮನೆಯಲ್ಲಿ ಮಾತಿಗೆ ಸಿಗುವವರೇ ಇರುವುದಿಲ್ಲ. ಜಡಿಮಳೆಯಲ್ಲೂ ಬೇಡ. ಫೆಬ್ರುವರಿ ಕೊನೆಯಿಂದ ಮೇ ಮಧ್ಯದವರೆಗೆ ಸಿಗುವ ವಾರಗಳಿಗೆ ಸರಿಯಾಗಿ ಮೂರನೇ ಸೆಮಿಸ್ಟರಿನಲ್ಲೇ ಸಮಿತಿಗೆ ಕಾಗದ ಹೋಗಿರಬೇಕು.